ಕಾಣುವುದು ಬೇರೆ, ಹೇಳುವುದು ಬೇರೆ

ಯಲಹಂಕದ ಏರೋ ಇಂಡಿಯಾಕ್ಕೆ ಹೋದವರ ಕಣ್ಣು ಮೊದಲು ಹೊರಳುವುದು ಸದ್ದು ಮಾಡುವ ವಿಮಾನಗಳ ಕಡೆಗೆ. ಸುಖೋಯ್ ನೆಟ್ಟಗೆ ಮೇಲೇರಿದರೆ ಕೇಕೆ, ಸೂರ್ಯಕಿರಣ ತಂಡ ಬಣ್ಣದ ಹೊಗೆ ಬಿಟ್ಟರೆ ಮೊಬೈಲುಗಳೆಲ್ಲ ಮುಗಿಲಿಗೆ. ಅದೇ ಬಯಲಿನಲ್ಲಿ ಬೆನ್ನ ಮೇಲೆ ಉದ್ದನೆಯ ಹಲಗೆ ಹೊತ್ತು ನಿಲ್ಲುವ ಬೂದು ಬಣ್ಣದ ಪುಟ್ಟ ಜೆಟ್‌ನ ಮುಂದೆ ಅಂಥ ನೂಕುನುಗ್ಗಲು ಇರುವುದಿಲ್ಲ. ನೋಡಲು ಐವತ್ತು ಸೀಟಿನ ಪ್ರಯಾಣಿಕ ವಿಮಾನ. ಮೂಲದಲ್ಲಿ ಹೌದು ಕೂಡ. ಬಾಂಬಿಲ್ಲ, ಕ್ಷಿಪಣಿಯಿಲ್ಲ, ಪಲ್ಟಿ ಹೊಡೆಯುವ ಗತ್ತೂ ಇಲ್ಲ. ಹೆಸರು ನೇತ್ರ. ರೂಪಿಸಿದವರು ಇದೇ ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯದವರು. ಕೇಕೆ ಗಿಟ್ಟಿಸಿದ ಆ ಸುಖೋಯ್ ಯುದ್ಧದ ದಿನ ಎತ್ತ ತಿರುಗಬೇಕು, ಎಷ್ಟು ಎತ್ತರಕ್ಕೆ ಏರಬೇಕು, ಎದುರಿಗೆ ಬರುತ್ತಿರುವವರು ನಮ್ಮವರೋ ಹಗೆಗಳೋ ಎಂದು ಹೇಳುವವರು ಕೂರುವುದು ಇಂಥ ವಿಮಾನದ ಹೊಟ್ಟೆಯೊಳಗೆ.

ಈ ವಿಮಾನಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವು ಎಷ್ಟು ದೂರ ಕಾಣುತ್ತವೆ ಎಂಬ ಲೆಕ್ಕದಲ್ಲೇ ಮುಳುಗಿಬಿಡುತ್ತಾರೆ. ‘ಆಕಾಶದ ಕಣ್ಣು’ ಎಂಬ ತಲೆಬರಹವಂತೂ ಸವೆದು ಚಿಂದಿಯಾಗಿದೆ. ನನಗನ್ನಿಸುವುದು, ಈ ಕೆಲಸದಲ್ಲಿ ಕಾಣುವುದು ಸುಲಭದ ಅರ್ಧ. ಕಂಡದ್ದನ್ನು ಹಳಸುವ ಮೊದಲು, ಅದು ಯಾರಿಗೆ ಬೇಕೋ ಅವರ ಕಿವಿಗೇ ಮುಟ್ಟಿಸುವುದು ಕಷ್ಟದ ಅರ್ಧ.

ಮೊದಲು ಸುಲಭದ್ದನ್ನೇ ನೋಡೋಣ. ಹಂದಿ, ಆನೆಗಳಿಂದ ಪೈರು ಕಾಯುವವರು ಹೊಲದಲ್ಲಿ ಅಟ್ಟಣಿಗೆ ಕಟ್ಟಿಕೊಳ್ಳುತ್ತಾರಲ್ಲ, ರೇಡಾರನ್ನು ವಿಮಾನಕ್ಕೆ ಏರಿಸಿದ್ದೂ ಅದೇ ಕಾರಣಕ್ಕೆ. ರೇಡಾರಿನ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ, ಭೂಮಿ ಮಾತ್ರ ಬಾಗಿದೆ. 30 ಮೀಟರ್ ಎತ್ತರದ ಗೋಪುರದಲ್ಲಿಟ್ಟ ರೇಡಾರಿಗೆ, ನೆಲದಿಂದ 100 ಮೀಟರ್ ಎತ್ತರದಲ್ಲಿ ತಗ್ಗಿ ಹಾರಿ ಬರುವ ವಿಮಾನ ಕಾಣುವುದು ಸುಮಾರು 60 ಕಿ.ಮೀ. ಸಮೀಪಕ್ಕೆ ಬಂದ ಮೇಲೆ. ಗಂಟೆಗೆ 900 ಕಿ.ಮೀ. ವೇಗದಲ್ಲಿ ಬರುವವನಿಗೆ ಅದು ನಾಲ್ಕು ನಿಮಿಷದ ದಾರಿ. ಅದೇ ರೇಡಾರನ್ನು 9 ಕಿ.ಮೀ. ಮೇಲಕ್ಕೆ ಒಯ್ದರೆ ದಿಗಂತ 390 ಕಿ.ಮೀ. ಆಚೆಗೆ ಸರಿಯುತ್ತದೆ. ನಾಲ್ಕು ನಿಮಿಷ ಇಪ್ಪತ್ತಕ್ಕೂ ಮೀರುತ್ತದೆ.

ಇದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡದ್ದು ಅಮೆರಿಕದ ನೌಕಾಪಡೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಜಪಾನಿನ ಆತ್ಮಾಹುತಿ ವಿಮಾನಗಳು ಅಲೆಗಳಿಗೆ ತಾಗುವಂತೆ ತಗ್ಗಿ ಬರುತ್ತಿದ್ದವು. ಹಡಗಿನ ರೇಡಾರಿಗೆ ಸಿಗುವ ಹೊತ್ತಿಗೆ ತಡವಾಗಿರುತ್ತಿತ್ತು. ‘ಪ್ರಾಜೆಕ್ಟ್ ಕ್ಯಾಡಿಲ್ಯಾಕ್’ ಎಂಬ ಗುಪ್ತ ಯೋಜನೆಯಲ್ಲಿ ಅವೆಂಜರ್ ಎಂಬ ಟಾರ್ಪೆಡೊ ವಿಮಾನದ ಹೊಟ್ಟೆಗೆ ದೊಡ್ಡ ರೇಡಾರ್ ಕಟ್ಟಿದರು. 1945ರಲ್ಲಿ ಅದು ಸಿದ್ಧವಾಗುವಷ್ಟರಲ್ಲಿ ಯುದ್ಧವೇ ಮುಗಿಯಿತು.

ಕಷ್ಟದ ಅರ್ಧವನ್ನು ಬಿಡಿಸಿದ ಮೊದಲಿಗರು ಮಾತ್ರ ಹಾರಲೇ ಇಲ್ಲ. 1940ರಲ್ಲಿ ಬ್ರಿಟನ್ ಮೇಲೆ ಜರ್ಮನ್ ಬಾಂಬರುಗಳು ಬರುತ್ತಿದ್ದಾಗ, ಲಂಡನ್ ಹೊರವಲಯದ ಬೆಂಟ್ಲಿ ಪ್ರಯರಿ ಎಂಬ ಬಂಗಲೆಯಲ್ಲಿ ಫೈಟರ್ ಕಮಾಂಡಿನ ಮುಖ್ಯಸ್ಥ ಹ್ಯೂ ಡೌಡಿಂಗ್ ‘ಫಿಲ್ಟರ್ ರೂಮ್’ ಎಂಬ ಕೋಣೆ ನಡೆಸುತ್ತಿದ್ದರು. ಕರಾವಳಿಯ ರೇಡಾರ್ ಕೇಂದ್ರಗಳಿಂದ ಬರುವ ವರದಿಗಳಲ್ಲಿ ಒಂದಕ್ಕೊಂದು ತಾಳೆಯಾಗದವೇ ಹೆಚ್ಚು. ಒಂದೇ ಗುಂಪನ್ನು ಇಬ್ಬರು ಎರಡಾಗಿ ಎಣಿಸುವರು, ಒಬ್ಬರು ಇಪ್ಪತ್ತು ಎಂದರೆ ಇನ್ನೊಬ್ಬರು ಐವತ್ತು ಎನ್ನುವರು. ಅದನ್ನೆಲ್ಲ ಅಲ್ಲಿ ಸೋಸಿ, ಒಂದೇ ಚಿತ್ರ ಮಾಡಿ, ಆಮೇಲಷ್ಟೇ ಫೈಟರ್ ದಳಗಳಿಗೆ ಕಳಿಸುವುದು. ಕಾರ್ಯಾಚರಣೆ ಕೋಣೆಗಳ ದೊಡ್ಡ ಮೇಜಿನ ನಕ್ಷೆಯ ಮೇಲೆ ಮಹಿಳಾ ಸಿಬ್ಬಂದಿ ಉದ್ದ ಕೋಲುಗಳಿಂದ ಬಿಲ್ಲೆಗಳನ್ನು ಸರಿಸುತ್ತಿದ್ದರು. ಗೋಡೆಯ ಗಡಿಯಾರದ ಮುಖದಲ್ಲಿ ಐದೈದು ನಿಮಿಷಕ್ಕೊಂದರಂತೆ ಕೆಂಪು, ಹಳದಿ, ನೀಲಿ ಪಟ್ಟಿಗಳಿದ್ದವು. ಸುದ್ದಿ ಬಂದ ಕ್ಷಣದಲ್ಲಿ ನಿಮಿಷದ ಮುಳ್ಳು ಯಾವ ಬಣ್ಣದ ಮೇಲಿತ್ತೋ ಅದೇ ಬಣ್ಣದ ಬಿಲ್ಲೆ ಇಡಬೇಕು. ಮೇಜಿನ ಕಡೆ ಒಮ್ಮೆ ಕಣ್ಣಾಡಿಸಿದರೆ ಸಾಕು, ಯಾವುದು ಈಗಿನ ಸುದ್ದಿ, ಯಾವುದು ಹತ್ತು ನಿಮಿಷದ ಹಿಂದಿನದು ಎಂದು ತಿಳಿಯುತ್ತಿತ್ತು. ಹಳತಾದ ಬಿಲ್ಲೆಯನ್ನು ಎತ್ತಿಡುತ್ತಿದ್ದರು. ಕಂಪ್ಯೂಟರೇ ಇಲ್ಲದ ಕಾಲದ ಈ ಬಣ್ಣದ ಬಿಲ್ಲೆಯನ್ನು ನೆನಪಿಟ್ಟುಕೊಳ್ಳಿ. ಐವತ್ತು ವರ್ಷದ ನಂತರ ಕಂಪ್ಯೂಟರಿದ್ದೂ ಅದಿಲ್ಲದೆ ಏನಾಯಿತು ಎಂಬುದು ಮುಂದೆ ಬರುತ್ತದೆ.

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕನ್ನರು ರೇಡಾರೇ ಇಲ್ಲದ ಕಮಾಂಡ್ ವಿಮಾನವನ್ನೂ ಹಾರಿಸಿದರು. ಸರಕು ಸಾಗಿಸುವ ಸಿ-130 ವಿಮಾನದ ಹೊಟ್ಟೆಗೆ ಒಂದು ಉದ್ದ ಪೆಟ್ಟಿಗೆಯನ್ನು ತಳ್ಳಿ, ಅದರ ತುಂಬ ರೇಡಿಯೊ, ನಕ್ಷೆ, ಅಧಿಕಾರಿಗಳು. ದಕ್ಷಿಣ ಲಾವೋಸಿನ ಮೇಲೆ ಹಗಲು ಸುತ್ತುವ ವಿಮಾನದ ಸಂಕೇತನಾಮ ಹಿಲ್ಸ್‌ಬರೊ, ಇರುಳಿನದು ಮೂನ್‌ಬೀಮ್. ಕೆಳಗೆ ಪುಟ್ಟ ವಿಮಾನದಲ್ಲಿ ಗುರಿ ಹುಡುಕುವವನು ‘ಇಲ್ಲೊಂದು ಲಾರಿ ಸಾಲು ಇದೆ’ ಎಂದರೆ, ಹತ್ತಿರದ ಬಾಂಬರುಗಳಲ್ಲಿ ಯಾರ ಬಳಿ ಇಂಧನವಿದೆ, ಯಾರ ಬಳಿ ಯಾವ ಬಾಂಬಿದೆ ಎಂದು ನೋಡಿ ಕಳಿಸುವುದು ಇವರ ಕೆಲಸ. ಕಣ್ಣೇ ಇಲ್ಲದ ಈ ವಿಮಾನ ಬರೀ ಮಾತಿನಿಂದ ಯುದ್ಧದ ಒಂದು ಭಾಗವನ್ನೇ ನಡೆಸುತ್ತಿತ್ತು.

ಕಣ್ಣು ಮಾತು ಎರಡೂ ಒಂದೇ ವಿಮಾನದಲ್ಲಿ ಸರಿಯಾಗಿ ಕೂಡಿದ್ದು ಬೋಯಿಂಗ್ 707ರ ಮೇಲೆ ಕಟ್ಟಿದ ಇ-3 ಸೆಂಟ್ರಿಯಲ್ಲಿ. ಜನ ಅವಾಕ್ಸ್ ಎಂದು ಕರೆಯುವುದು ಇದನ್ನೇ. 1977ರಲ್ಲಿ ಅಮೆರಿಕದ ವಾಯುಪಡೆಗೆ ಸೇರಿದ ಇದರ ಬೆನ್ನ ಮೇಲೆ 9.1 ಮೀಟರ್ ಅಗಲದ ತಟ್ಟೆ ಹತ್ತು ಸೆಕೆಂಡಿಗೊಮ್ಮೆ ಸುತ್ತುತ್ತದೆ. ಒಳಗೆ ಸಾಲು ಸಾಲು ಪರದೆಗಳು, ಪ್ರತಿಯೊಂದರ ಮುಂದೆ ಹೆಡ್‌ಫೋನ್ ತೊಟ್ಟ ಕಂಟ್ರೋಲರ್. ಇವರ ಮಾತು ತುಂಡು ತುಂಡು. ‘ಬುಲ್ಸ್‌ಐ 270, 40’ ಎಂದರೆ, ಮೊದಲೇ ಗುಟ್ಟಾಗಿ ಗೊತ್ತುಮಾಡಿಕೊಂಡ ಒಂದು ಬಿಂದುವಿನಿಂದ ಪಶ್ಚಿಮಕ್ಕೆ ನಲವತ್ತು ನಾಟಿಕಲ್ ಮೈಲಿ. ಅದು ಯಾವ ಬಿಂದು ಎಂದು ಗೊತ್ತಿಲ್ಲದ ಶತ್ರು ಕದ್ದು ಕೇಳಿದರೂ ಪ್ರಯೋಜನವಿಲ್ಲ. ‘ಪಿಕ್ಚರ್’ ಎಂದು ಪೈಲಟ್ ಕೇಳಿದರೆ ಎದುರಿಗಿರುವ ಗುಂಪುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಬೇಕು. ‘ಕ್ಲೀನ್’ ಎಂದರೆ ನನ್ನ ರೇಡಾರಿನಲ್ಲಿ ಏನೂ ಕಾಣುತ್ತಿಲ್ಲ. ಗುರುತಾಗದವನು ‘ಬೋಗಿ’, ಶತ್ರು ಎಂದು ಖಾತ್ರಿಯಾದವನು ‘ಬ್ಯಾಂಡಿಟ್’. ಈ ಎರಡರ ನಡುವಿನ ಗೆರೆ ದಾಟಿಸುವ ಹೊಣೆ ಯಾರದು ಎಂಬುದೇ ಈ ವೃತ್ತಿಯ ಬೆನ್ನುಮೂಳೆ.

ಇಂಥ ವಿಮಾನಗಳ ಬಲ ಜಗತ್ತಿಗೆ ಗೊತ್ತಾದದ್ದು 1982ರ ಜೂನ್‌ನಲ್ಲಿ, ಲೆಬನಾನಿನ ಬೆಕಾ ಕಣಿವೆಯಲ್ಲಿ. ಇಸ್ರೇಲಿನ ಇ-2ಸಿ ಹಾಕ್‌ಐ ವಿಮಾನಗಳು ದೂರದಲ್ಲಿ ಸುತ್ತುತ್ತಾ ಸಿರಿಯಾದ ಮಿಗ್‌ಗಳು ರನ್‌ವೇ ಬಿಡುತ್ತಿದ್ದಂತೆ ತಮ್ಮ ಪೈಲಟ್‌ಗಳಿಗೆ ಹೇಳುತ್ತಿದ್ದವು. ಸಿರಿಯಾದ ಪೈಲಟ್‌ಗಳು ನಂಬಿದ್ದು ನೆಲದಿಂದ ಬರುವ ಸೂಚನೆಯನ್ನು. ಇಸ್ರೇಲಿಗಳು ಆ ರೇಡಿಯೊವನ್ನೇ ಜ್ಯಾಮ್ ಮಾಡಿದರು. ಕೆಲವೇ ದಿನಗಳಲ್ಲಿ ಸಿರಿಯಾ 80ಕ್ಕೂ ಹೆಚ್ಚು ವಿಮಾನ ಕಳೆದುಕೊಂಡಿತು. ಅವರ ಪೈಲಟ್‌ಗಳಿಗೆ ಹಾರಲು ಬರುತ್ತಿರಲಿಲ್ಲ ಎಂದಲ್ಲ, ಹೇಳುವವರ ದನಿ ಅವರಿಗೆ ಕೇಳಿಸಲಿಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಆಕಾಶ ಕಾಳಗದಲ್ಲಿ ಉರುಳಿದ 40 ವಿಮಾನಗಳಲ್ಲಿ 38ಕ್ಕೆ ಅವಾಕ್ಸ್ ನೆರವಿತ್ತು ಎಂಬುದು ಅಮೆರಿಕದ ವಾಯುಪಡೆಯ ಲೆಕ್ಕ. ಅದೇ ಯುದ್ಧದ ಇನ್ನೊಂದು ಸಂಗತಿ ನನಗೆ ಹೆಚ್ಚು ರುಚಿಸುತ್ತದೆ. ಯಾವ ವಿಮಾನ ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂಬ ದಿನದ ಆದೇಶ ನೂರಾರು ಪುಟ ಇರುತ್ತಿತ್ತು. ವಿಮಾನವಾಹಕ ಹಡಗುಗಳಲ್ಲಿ ಅದನ್ನು ತರಿಸಿಕೊಳ್ಳಲು ಹೊಂದುವ ಸಂಪರ್ಕ ಸಾಧನವೇ ಇರಲಿಲ್ಲ. ಹಾಗಾಗಿ ಜಗತ್ತಿನ ಅತ್ಯಾಧುನಿಕ ಸೇನೆ ಆ ಆದೇಶವನ್ನು ದಿನಾ ವಿಮಾನದಲ್ಲಿ ಹಡಗಿಗೆ ಕೊಟ್ಟು ಬರುತ್ತಿತ್ತು, ಅಂಚೆಯವರ ಹಾಗೆ.

ನಗುವ ವಿಷಯ ಇಲ್ಲಿಗೆ ಮುಗಿಯುತ್ತದೆ. 1994ರ ಏಪ್ರಿಲ್ 14. ಉತ್ತರ ಇರಾಕಿನ ಕುರ್ದ್ ಜನರ ರಕ್ಷಣೆಗೆಂದು 36ನೇ ಅಕ್ಷಾಂಶದ ಉತ್ತರಕ್ಕೆ ಇರಾಕಿ ವಿಮಾನಗಳು ಹಾರಬಾರದು ಎಂದು ನಿಷೇಧ ವಿಧಿಸಿದ್ದ ಕಾಲ. ಟರ್ಕಿಯ ಇನ್ಸಿರ್ಲಿಕ್ ನೆಲೆಯಿಂದ ಹೊರಟ ಅವಾಕ್ಸ್ ಮೇಲೆ ಸುತ್ತುತ್ತಿತ್ತು. ಒಳಗೆ 19 ಮಂದಿ. ಟರ್ಕಿಯ ದಿಯಾರ್‌ಬಕೀರ್‌ನಿಂದ ಬಂದ ಅಮೆರಿಕ ಭೂಸೇನೆಯ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರುಗಳು ಗಡಿ ದಾಟಿ ಜಾಖೋದಲ್ಲಿ ಇಳಿದು, ಜನರನ್ನು ಹತ್ತಿಸಿಕೊಂಡು ಮತ್ತೆ ಎದ್ದವು. ಒಟ್ಟು 26 ಮಂದಿ: 15 ಅಮೆರಿಕನ್ನರು, ಉಳಿದವರು ಬ್ರಿಟಿಷ್, ಫ್ರೆಂಚ್, ಟರ್ಕಿ ಅಧಿಕಾರಿಗಳು ಮತ್ತು ಕುರ್ದರು.

ಅವಾಕ್ಸ್ ಇವರನ್ನು ಕಂಡಿತ್ತು. ಕಂಡದ್ದಷ್ಟೇ ಅಲ್ಲ, ಹೆಲಿಕಾಪ್ಟರ್ ಪೈಲಟ್ ರೇಡಿಯೊದಲ್ಲಿ ‘ವಿಸ್ಕಿಯಿಂದ ಲಿಮಾಕ್ಕೆ ಹೋಗುತ್ತಿದ್ದೇವೆ’ ಎಂದು ತಿಳಿಸಿಯೂ ಇದ್ದ. ಕಂಟ್ರೋಲರ್ ಆಯಿತು ಎಂದರು, ಪರದೆಯಲ್ಲಿ ನಮ್ಮವರು ಎಂಬ ಗುರುತು ಹಾಕಿದರು. ಲಿಮಾ ಎಂಬುದು ಯಾವ ಊರಿನ ಸಂಕೇತ ಎಂದು ಹುಡುಕಿ ನೋಡಲಿಲ್ಲ. ನಿಷಿದ್ಧ ವಲಯದೊಳಗೆ ಬಂದವರನ್ನು ಆ ವಲಯದ ರೇಡಿಯೊ ತರಂಗಾಂತರಕ್ಕೆ ಬದಲಿಸಿ, ಆ ವಲಯ ನೋಡಿಕೊಳ್ಳುವ ಇನ್ನೊಬ್ಬ ಕಂಟ್ರೋಲರಿಗೆ ಒಪ್ಪಿಸಬೇಕಿತ್ತು. ಒಪ್ಪಿಸಲಿಲ್ಲ, ಹೆಲಿಕಾಪ್ಟರುಗಳ ವಿಷಯದಲ್ಲಿ ಒಪ್ಪಿಸದಿರುವುದೇ ರೂಢಿಯಾಗಿತ್ತು. ಸಾಮಾನ್ಯವಾಗಿ ಈ ಇಬ್ಬರು ಅಕ್ಕಪಕ್ಕ ಕೂರುವವರು. ಅಂದು ಒಬ್ಬರ ಕನ್ಸೋಲ್ ಕೆಟ್ಟಿದ್ದರಿಂದ ಅವರು ಬೇರೆ ಕಡೆ ಹೋಗಿ ಕೂತಿದ್ದರು. ಹೆಲಿಕಾಪ್ಟರುಗಳು ಬೆಟ್ಟದ ಸಂದು ಹೊಕ್ಕು ರೇಡಾರಿಗೆ ಸಿಗದಾದವು. ಪರದೆಯಲ್ಲಿನ ಗುರುತು ಮಾತ್ರ ಕೆಲ ಹೊತ್ತು ಹಾಗೇ ಉಳಿದು, ಆಮೇಲೆ ಅಳಿಸಿಹೋಯಿತು. ಅದು ಹಳೆಯದಾಯಿತು ಎಂದು ಬಣ್ಣ ಬದಲಿಸಿ ಎಚ್ಚರಿಸುವವರು ಯಾರೂ ಇರಲಿಲ್ಲ.

ಆಗ ಎರಡು ಎಫ್-15ಗಳು ಬಂದವು. ತಮಗಿಂತ ಮೊದಲು ಆ ವಲಯಕ್ಕೆ ಯಾರೂ ಹೊಕ್ಕಿರುವುದಿಲ್ಲ ಎಂಬುದು ಅವುಗಳ ಪೈಲಟ್‌ಗಳಿಗೆ ಕೊಟ್ಟಿದ್ದ ತಿಳಿವಳಿಕೆ. 10 ಗಂಟೆ 22 ನಿಮಿಷಕ್ಕೆ ಮುಂದಿನ ಪೈಲಟ್ ತಗ್ಗಿ ಹಾರುತ್ತಿರುವ ಏನೋ ಒಂದು ಕಂಡಿದೆ ಎಂದು ವರದಿ ಮಾಡಿದ. ಅವಾಕ್ಸ್ ಉತ್ತರ: ಕ್ಲೀನ್. ‘ನಮ್ಮವನೇ?’ ಎಂದು ವಿದ್ಯುನ್ಮಾನ ಸಂಜ್ಞೆಯಿಂದ ಕೇಳುವ ಐಎಫ್‌ಎಫ್ ಸಾಧನದಿಂದಲೂ ಕೇಳಿನೋಡಿದರು. ನಿಷಿದ್ಧ ವಲಯದ ಒಳಗೆ ಬೇರೆಯೇ ಕೋಡ್ ಬಳಸಬೇಕೆಂದು ಆದೇಶವಿತ್ತು. ಹೆಲಿಕಾಪ್ಟರ್ ಘಟಕಕ್ಕೆ ಆ ಸಂಗತಿ ಮುಟ್ಟಿಯೇ ಇರಲಿಲ್ಲ, ಅವು ಹಳೆಯ ಕೋಡಿನಲ್ಲೇ ಹಾರುತ್ತಿದ್ದವು. ಪೈಲಟ್ ಹತ್ತಿರ ಹಾರಿ ಕಣ್ಣಾರೆ ನೋಡಿದ. ಬ್ಲ್ಯಾಕ್ ಹಾಕ್‌ಗಳ ಎರಡೂ ಬದಿಗೆ ಹೆಚ್ಚುವರಿ ಇಂಧನದ ಟ್ಯಾಂಕುಗಳು ತೂಗುತ್ತಿದ್ದವು. ಬದಿಯಲ್ಲಿ ಗಿಡ್ಡ ರೆಕ್ಕೆಯಿರುವ ಹೆಲಿಕಾಪ್ಟರ್ ಎಂದರೆ ರಷ್ಯಾದ ಹೈಂಡ್, ಅಂದರೆ ಇರಾಕಿನದು. ಹಾಗೆಂದು ಹೇಳಿದ. ಅವಾಕ್ಸ್‌ನಲ್ಲಿದ್ದವರು ಕೇಳಿಸಿಕೊಂಡರು, ತಡೆಯಲಿಲ್ಲ. 10.30ರ ಸುಮಾರಿಗೆ ಎರಡು ಕ್ಷಿಪಣಿಗಳು ಹೊರಟವು. 26 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಎಂಟು ನಿಮಿಷ. ಅಷ್ಟೂ ಹೊತ್ತು ಆ ವಿಮಾನದೊಳಗೆ ಒಬ್ಬರಿಗೆ ಹೆಲಿಕಾಪ್ಟರ್ ವಿಷಯ ಗೊತ್ತಿತ್ತು, ಇನ್ನೊಬ್ಬರು ಎಫ್-15ಗಳ ಜೊತೆ ಮಾತಾಡುತ್ತಿದ್ದರು. ವಿಚಾರಣೆಗಳು ನಡೆದವು, ಅವಾಕ್ಸ್‌ನ ಒಬ್ಬ ಅಧಿಕಾರಿಯನ್ನು ಕೋರ್ಟ್ ಮಾರ್ಷಲ್‌ಗೆ ಒಪ್ಪಿಸಿ 1995ರಲ್ಲಿ ನಿರ್ದೋಷಿ ಎಂದರು. ಅಮೆರಿಕ ಸೇನೆಯಲ್ಲಿದ್ದ ಸ್ಕಾಟ್ ಸ್ನೂಕ್ ಈ ಪ್ರಕರಣದ ಮೇಲೆ ಒಂದು ಪುಸ್ತಕವನ್ನೇ ಬರೆದರು. ಅವರ ವಾದ ಇಷ್ಟು: ಯಾರೂ ದೊಡ್ಡ ತಪ್ಪು ಮಾಡಲಿಲ್ಲ; ಪ್ರತಿ ಘಟಕವೂ ತನ್ನ ಅನುಕೂಲಕ್ಕೆ ತಕ್ಕಂತೆ ನಿಯಮದಿಂದ ಸ್ವಲ್ಪ ಸ್ವಲ್ಪವೇ ಸರಿಯುತ್ತ ಬಂದಿತ್ತು, ಎಲ್ಲರೂ ಒಂದೇ ದಿನ ಒಂದೇ ಕಣಿವೆಯಲ್ಲಿ ಕೂಡುವವರೆಗೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಯಾವುದೇ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸ ಜ್ಞಾನವೇನಲ್ಲ. ಆದರೆ ಕಚೇರಿಯಲ್ಲಿ ಕಡತ ಕಳೆಯುತ್ತದೆ, ಇಲ್ಲಿ ಜೀವ.

ನಮ್ಮಲ್ಲಿ ಈ ಕಥೆ ಶುರುವಾದದ್ದು ಹಳೆಯ ಆವ್ರೊ ವಿಮಾನದಿಂದ. 1980ರ ದಶಕದಲ್ಲಿ ಕೈಗೆತ್ತಿಕೊಂಡ ಯೋಜನೆಗೆ ‘ಐರಾವತ’ ಎಂಬ ಹೆಸರು ನಿಂತಿತು. ಎಚ್‌ಎಎಲ್ ಕಟ್ಟಿದ ಎರಡು ಎಂಜಿನ್ನಿನ ಎಚ್‌ಎಸ್-748 ವಿಮಾನದ ಬೆನ್ನ ಮೇಲೆ ಸುತ್ತುವ ತಟ್ಟೆ ಕೂರಿಸಿ 1990ರ ಕೊನೆಗೆ ಹಾರಿಸಿದರು. ಅದನ್ನೇ ನೋಡಿಕೊಳ್ಳಲು ಬೆಂಗಳೂರಿನ ಯಮಲೂರು ಕಡೆ ಕ್ಯಾಬ್ಸ್ ಎಂಬ ಪ್ರಯೋಗಾಲಯ 1991ರಲ್ಲಿ ಹುಟ್ಟಿತು. ವರ್ಷಗಟ್ಟಲೆ ಪರೀಕ್ಷೆ ನಡೆಯಿತು. 1999ರ ಜನವರಿ 11ರಂದು ತಮಿಳುನಾಡಿನ ಅರಕ್ಕೋಣಂ ಬಳಿ ಹಾರಾಟದಲ್ಲಿದ್ದಾಗ ಆ ತಟ್ಟೆಯೇ ಕಳಚಿತು. ವಿಮಾನ ಕಾಡಿಗೆ ಬಿದ್ದು ನಾಲ್ವರು ವಿಜ್ಞಾನಿಗಳು, ನಾಲ್ವರು ವಾಯುಪಡೆಯವರು, ಹೀಗೆ ಎಂಟೂ ಜನ ಹೋದರು. ಯೋಜನೆ ಅಲ್ಲಿಗೆ ನಿಂತಿತು. ನಾಲ್ಕೇ ತಿಂಗಳಿಗೆ ಕಾರ್ಗಿಲ್ ಯುದ್ಧ.

ಚೀನಾಕ್ಕೂ ಇಂಥದೇ ಪೆಟ್ಟು ಬಿದ್ದಿತ್ತು. ಇಸ್ರೇಲಿನಿಂದ ಫಾಲ್ಕನ್ ರೇಡಾರ್ ಕೊಳ್ಳುವ ಅದರ ಒಪ್ಪಂದ ಅಮೆರಿಕದ ಒತ್ತಡಕ್ಕೆ 2000ದಲ್ಲಿ ಮುರಿದುಬಿತ್ತು. ಸ್ವಂತಕ್ಕೆ ಕಟ್ಟಲು ಹೊರಟಾಗ 2006ರ ಜೂನ್‌ನಲ್ಲಿ ಅನ್‌ಹುಯಿ ಪ್ರಾಂತ್ಯದಲ್ಲಿ ಒಂದು ವಿಮಾನ ಬಿದ್ದು 40 ಮಂದಿ ಸತ್ತರು. ಅವರು ನಿಲ್ಲಿಸಲಿಲ್ಲ. ಇಂದು ಅವರ ಬಳಿ ಇಂಥವು ಡಜನ್‌ಗಟ್ಟಲೆ ಇವೆ. ಎಂಟು ಸಹೋದ್ಯೋಗಿಗಳನ್ನು ಕಳೆದುಕೊಂಡ ಪ್ರಯೋಗಾಲಯ ಕೈಚೆಲ್ಲಿದ್ದನ್ನು ಮನುಷ್ಯರಾಗಿ ಅರ್ಥ ಮಾಡಿಕೊಳ್ಳಬಹುದು. ಮೇಲಿದ್ದವರು ಮುಂದಿನ ಐದು ವರ್ಷ ಅದನ್ನು ಹಾಗೇ ಬಿಟ್ಟದ್ದಕ್ಕೆ ಅಂಥ ವಿನಾಯಿತಿ ಕೊಡಲು ನನಗೆ ಮನಸ್ಸಿಲ್ಲ.

ಚೀನಾಕ್ಕೆ ಸಿಗದ ಫಾಲ್ಕನ್ ನಮಗೆ ಸಿಕ್ಕಿತು. 2004ರಲ್ಲಿ ಸುಮಾರು 110 ಕೋಟಿ ಡಾಲರಿಗೆ ಮೂರು. ಇಸ್ರೇಲಿನ ರೇಡಾರ್, ರಷ್ಯಾದ ಐಎಲ್-76 ವಿಮಾನ. ಮೊದಲನೆಯದು 2009ರ ಮೇ ತಿಂಗಳಲ್ಲಿ ಬಂತು, ನೆಲೆ ಆಗ್ರಾ. ಅದರ ತಟ್ಟೆ ಸುತ್ತುವುದಿಲ್ಲ. ಒಳಗೆ ಮೂರು ದಿಕ್ಕಿಗೆ ಮುಖ ಮಾಡಿದ ಸ್ಥಿರ ಆಂಟೆನಾಗಳಿವೆ. ಅದೇ 2004ರಲ್ಲಿ ಕ್ಯಾಬ್ಸ್‌ಗೂ ಮತ್ತೆ ಅವಕಾಶ ಸಿಕ್ಕಿತು. ಈ ಸಲ ಅವರು ಆಸೆಯನ್ನು ತಗ್ಗಿಸಿಕೊಂಡರು. ಬ್ರೆಜಿಲಿನ ಎಂಬ್ರೇರ್-145 ಜೆಟ್, ಅದರ ಬೆನ್ನ ಮೇಲೆ ಸುತ್ತುವ ತಟ್ಟೆಯ ಬದಲು ಎರಡೂ ಬದಿ ನೋಡುವ ಹಲಗೆ. 360 ಡಿಗ್ರಿ ಬದಲು 240 ಡಿಗ್ರಿ ಕಂಡರೆ ಸಾಕು. ಎಸ್. ಕ್ರಿಸ್ಟೋಫರ್ ಮುಂದಾಳತ್ವದಲ್ಲಿ ನಡೆದ ಈ ಯೋಜನೆಯ ಮೊದಲ ವಿಮಾನವನ್ನು 2017ರ ಫೆಬ್ರುವರಿ 14ರಂದು ಯಲಹಂಕದಲ್ಲೇ ವಾಯುಪಡೆಗೆ ಒಪ್ಪಿಸಲಾಯಿತು. ಎರಡು ವರ್ಷಕ್ಕೆ ಬಾಲಾಕೋಟ್ ಮೇಲಿನ ವಾಯುದಾಳಿ. ಆ ರಾತ್ರಿ ಮಿರಾಜ್‌ಗಳ ಹಿಂದೆ ನೇತ್ರವೂ ಫಾಲ್ಕನ್ನೂ ಇದ್ದವು ಎಂದು ಆಗ ವರದಿಯಾಗಿತ್ತು.

ಮರುದಿನ, 2019ರ ಫೆಬ್ರುವರಿ 27ರಂದು, ಪಾಕಿಸ್ತಾನದ ವಿಮಾನಗಳು ಬಂದವು. ನೆಲದ ರೇಡಾರ್ ಕೇಂದ್ರದಿಂದ ನಮ್ಮ ಪೈಲಟ್‌ಗಳಿಗೆ ದಾರಿ ಹೇಳುತ್ತಿದ್ದ ಫೈಟರ್ ಕಂಟ್ರೋಲರ್ ಮಿಂಟಿ ಅಗರ್ವಾಲ್ ಅವರಿಗೆ ಆ ವರ್ಷ ಯುದ್ಧ ಸೇವಾ ಪದಕ ಬಂತು. ಆ ಪದಕ ಪಡೆದ ಮೊದಲ ಮಹಿಳೆ ಅವರು. ಅದೇ ಬೆಳಿಗ್ಗೆ ಶ್ರೀನಗರದಿಂದ ಮೇಲೆದ್ದಿದ್ದ ನಮ್ಮದೇ ಎಂಐ-17 ಹೆಲಿಕಾಪ್ಟರ್ ಮೇಲೆ ನಮ್ಮದೇ ಘಟಕ ಕ್ಷಿಪಣಿ ಹಾರಿಸಿತು. ಬಡ್ಗಾಮ್‌ನಲ್ಲಿ ಅದು ಬಿದ್ದು ಆರು ಮಂದಿ ವಾಯುಪಡೆಯವರು, ನೆಲದಲ್ಲಿದ್ದ ಒಬ್ಬ ನಾಗರಿಕ ಸತ್ತರು. ಹೆಲಿಕಾಪ್ಟರಿನ ಐಎಫ್‌ಎಫ್ ಆರಿಸಿತ್ತು. ರೇಡಾರ್ ಅದನ್ನು ಚೆನ್ನಾಗಿಯೇ ಕಂಡಿತ್ತು. ಅದು ಯಾರದು ಎಂಬುದು ಗುಂಡಿ ಒತ್ತುವವರಿಗೆ ತಲುಪಲಿಲ್ಲ. ಆ ಅಕ್ಟೋಬರಿನಲ್ಲಿ ಅಂದಿನ ವಾಯುಪಡೆ ಮುಖ್ಯಸ್ಥ ಆರ್.ಕೆ.ಎಸ್. ಭದೌರಿಯಾ ಇದು ನಮ್ಮದೇ ದೊಡ್ಡ ತಪ್ಪು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಜಾಖೋದಿಂದ ಬಡ್ಗಾಮ್‌ಗೆ ಇಪ್ಪತ್ತೈದು ವರ್ಷ. ತಪ್ಪಿನ ನಮೂನೆ ಒಂದೇ.

ಈಗ ಹಾರುವ ಕಂಟ್ರೋಲ್ ರೂಮಿಗೇ ಕುತ್ತು ಬಂದಿದೆ. 2024ರ ಜನವರಿ ಮತ್ತು ಫೆಬ್ರುವರಿಯಲ್ಲಿ ರಷ್ಯಾದ ಎರಡು ಎ-50 ವಿಮಾನಗಳನ್ನು ಉಕ್ರೇನ್ ಉರುಳಿಸಿತು. 2025ರ ಆಗಸ್ಟ್ 9ರಂದು ಬೆಂಗಳೂರಿನಲ್ಲಿ ನಡೆದ ಎಲ್.ಎಂ. ಕಾತ್ರೆ ಸ್ಮಾರಕ ಉಪನ್ಯಾಸದಲ್ಲಿ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್, ಆಪರೇಷನ್ ಸಿಂಧೂರದ ವೇಳೆ ಪಾಕಿಸ್ತಾನದ ಒಂದು ದೊಡ್ಡ ಕಣ್ಗಾವಲು ವಿಮಾನವನ್ನು ಸುಮಾರು 300 ಕಿ.ಮೀ. ದೂರದಿಂದ ಹೊಡೆದೆವು ಎಂದರು. ಪಾಕಿಸ್ತಾನ ಅದನ್ನು ಅಲ್ಲಗಳೆಯಿತು. ಅಷ್ಟು ದೂರದಿಂದ ಹೊಡೆಯುವ ಕ್ಷಿಪಣಿಗಳು ಇವೆ ಎಂದಾದರೆ, ನಿಧಾನಕ್ಕೆ ಗಿರಕಿ ಹೊಡೆಯುವ ದೊಡ್ಡ ವಿಮಾನ ಗಡಿಯಿಂದ ಹಿಂದೆ ಹಿಂದೆ ಸರಿಯಲೇಬೇಕು. ಸರಿದಷ್ಟೂ ಕಾಣುವುದು ಕಡಿಮೆ. ಅಮೆರಿಕದ ರಕ್ಷಣಾ ಇಲಾಖೆಯಂತೂ 2025ರಲ್ಲಿ ಅವಾಕ್ಸ್‌ನ ಉತ್ತರಾಧಿಕಾರಿ ಇ-7 ವಿಮಾನವನ್ನೇ ಕೈಬಿಟ್ಟು ಉಪಗ್ರಹಗಳತ್ತ ಹೊರಳುವ ಪ್ರಸ್ತಾವ ಇಟ್ಟಿತು. ಅಲ್ಲಿನ ಸಂಸತ್ತು ಒಪ್ಪಲಿಲ್ಲ.

ನಾವು ವಿಮಾನವನ್ನು ಬಿಟ್ಟಿಲ್ಲ. ಏರ್ ಇಂಡಿಯಾ ಬಳಸಿದ ಆರು ಏರ್‌ಬಸ್ ಎ321 ವಿಮಾನಗಳ ಮೇಲೆ ಮುಂದಿನ ಪೀಳಿಗೆಯ ರೇಡಾರ್ ಕೂರಿಸುವ ಯೋಜನೆಗೆ 2021ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿದೆ. ಕೆಲಸ ಮತ್ತೆ ಕ್ಯಾಬ್ಸ್‌ನದೇ. ಮೂರು ಫಾಲ್ಕನ್, ಬೆರಳೆಣಿಕೆಯ ನೇತ್ರ ಇಟ್ಟುಕೊಂಡು ಎರಡು ಗಡಿಗಳನ್ನು ಇಪ್ಪತ್ನಾಲ್ಕು ಗಂಟೆ ಕಾಯಲು ಆಗದು, ಹಾಗಾಗಿ ಅವು ಬೇಕೇಬೇಕು. ಅವುಗಳ ಜೊತೆಗೇ ನೆಲದಲ್ಲಿ ನಡೆಯುತ್ತಿರುವ ಕೆಲಸಕ್ಕೆ ಏರ್ ಶೋಗಳಲ್ಲಿ ಕೇಕೆ ಹಾಕುವವರು ಇನ್ನೂ ಕಡಿಮೆ. ವಾಯುಪಡೆಯ ರೇಡಾರ್, ವಿಮಾನ, ಕ್ಷಿಪಣಿ ಘಟಕಗಳನ್ನೆಲ್ಲ ಒಂದೇ ಪರದೆಗೆ ತರುವ ಐಎಸಿಸಿಎಸ್ ಎಂಬ ಜಾಲವನ್ನು ಕಟ್ಟಿದ್ದು ನಮ್ಮ ಬಿಇಎಲ್. ಭೂಸೇನೆಯ ವಿಮಾನ ನಿರೋಧಕ ಘಟಕಗಳಿಗೆ ಇಂಥದೇ ‘ಆಕಾಶ್‌ತೀರ್’ ಕಟ್ಟುತ್ತಿರುವುದೂ ಅದೇ ಸಂಸ್ಥೆ. ಇವೆರಡನ್ನು ಒಂದಕ್ಕೊಂದು ಬೆಸೆಯುವ ಕೆಲಸ ಈಗ ನಡೆದಿದೆ. 1994ರಲ್ಲಿ ಒಂದೇ ದೇಶದ ಭೂಸೇನೆಯ ಹೆಲಿಕಾಪ್ಟರಿಗೂ ವಾಯುಪಡೆಯ ಫೈಟರಿಗೂ ನಡುವೆ ಇಲ್ಲದೆ ಹೋದ ಕೊಂಡಿ ಇದೇ.